ಇಳಿಯದ ಡಿಕಾಕ್ಷನ್

ಹಳೇ ಕಾಫಿ ಫಿಲ್ಟರ್ ಕಂಡರೆ ಬಿಡದವನು ನಾನು. ನ್ಯಾಮತಿಯ ಗುಜರಿಯಲ್ಲಿ ಸಿಕ್ಕ ಹಿತ್ತಾಳೆಯದೊಂದಕ್ಕೆ ಕಲಾಯಿ ಹಾಕಿಸಿ, ಇವತ್ತು ಬೆಳಿಗ್ಗೆ ಪುಡಿ ತುಂಬಿ ಬಿಸಿನೀರು ಸುರಿದೆ. ಒಂದು ಹನಿಯೂ ಇಳಿಯಲಿಲ್ಲ. ಕಲಾಯಿ ತೂತುಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ದರಿದ್ರದ್ದು!

ಚನ್ನಗಿರಿಯಲ್ಲಿ ನಮ್ಮಜ್ಜಿಗೂ ಇದೇ ಕಾಟ. ಕಲಾಯಿಯವರು ಬೀದಿಗೆ ಬಂದರೆ ಸಾಕು, ಕೌದಿ ಹೊಲಿಯುವ ಸೂಜಿ ಹಿಡಿದು ಅವರ ಪಕ್ಕದಲ್ಲೇ ಕೂರುತ್ತಿದ್ದಳು.

"ತೂತು ಮುಚ್ಚಬ್ಯಾಡ್ರಿ ಸಾಬ್ರೆ, ಆಮೇಲೆ ನಮ್ಮನೇರ ಕೈಲಿ ಬೈಸ್ಕಳಾಕೆ ನನ್ ಕೈಲಾಗಲ್ಲ."

ಕಲಾಯಿಯ ತವರ ಗಟ್ಟಿಯಾಗುವ ಮೊದಲೇ ಒಂದೊಂದು ತೂತಿಗೂ ಸೂಜಿ ಚುಚ್ಚುತ್ತಿದ್ದಳು. ಆದರೂ ಕೆಲವು ಮುಚ್ಚಿಕೊಂಡೇ ಇರುತ್ತಿದ್ದವು. ನೆಂಟರು ಕಾಫಿಗೆ ಕಾದು ಕೂತಾಗ ಅಜ್ಜಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಚಮಚದಿಂದ ಫಿಲ್ಟರ್ ತಲೆಗೆ ಕುಟ್ಟಿ ಗದರುತ್ತಿದ್ದಳು: "ಇಳಿಯಾಕೆ ಏನ್ ರೋಗ ಐತೆ ನಿಂಗೆ?"

ನಡುಮನೆಯಲ್ಲಿ ಮಲಗಿದ್ದ ಅಜ್ಜ ತನಗೇ ಅಂದಳೆಂದು ಗಡಬಡಿಸಿ ಮಂಚ ಇಳಿದು ಬರುತ್ತಿದ್ದ. ನಾವು ಮಕ್ಕಳು ಬಿದ್ದುಬಿದ್ದು ನಗುತ್ತಿದ್ದೆವು.

ಇವತ್ತು ನಾನೂ ಸೂಜಿ ಹುಡುಕಿದೆ. ಕಪಾಟಿನ ತುಂಬ ಫಿಲ್ಟರ್ ಇಟ್ಟ ಮನೆಯಲ್ಲಿ ಒಂದು ಕೌದಿ ಸೂಜಿ ಇಲ್ಲ! ರೇಗಿ, ಫಿಲ್ಟರ್ ತಲೆಗೆ ಕುಟ್ಟಿ, ಅಜ್ಜಿಯ ಮಾತನ್ನೇ ಜೋರಾಗಿ ಕೂಗಿದೆ.

"ಯಾರಿಗ್ರೀ ಬೈತಿರೋದು?" ಇನ್‌ಸ್ಟಂಟ್ ಕಾಫಿ ಹೀರುತ್ತ ಹೆಂಡತಿ ಕೇಳಿದಳು.

ಮಂಚ ಇಳಿದು ಯಾರೂ ಬರಲಿಲ್ಲ.