ಬಣ್ಣದ ಮನೆಯಲ್ಲಿ ಕಂಡ ಕೆಂಪು

ಎರಡು ವರ್ಷದ ಹಿಂದೆ, ಯುಗಾದಿ ಹತ್ತಿರ ಬಂದಿದ್ದ ಸಮಯ. ದೊಡ್ಡಬಳ್ಳಾಪುರದಲ್ಲಿ ನಮ್ಮದು ರೇಷ್ಮೆ ನೂಲಿಗೆ ಬಣ್ಣ ಹಾಕುವ ಕೆಲಸ. ಹಬ್ಬದ ಮುಂದೆ ಮಗ್ಗದವರ ಅವಸರಕ್ಕೆ ನಮಗೆ ಉಸಿರಾಡಲೂ ಪುರಸೊತ್ತು ಇರುವುದಿಲ್ಲ. ನಮ್ಮ ಯಜಮಾನರು ಬಣ್ಣದ ಕೈಯಲ್ಲೇ ಬಂದು ಬಚ್ಚಲಿಗೆ ಹೋಗುವುದು. ಹಾಗಾಗಿ ನಮ್ಮ ಬಚ್ಚಲು ಒಂದು ದಿನ ನೀಲಿ, ಒಂದು ದಿನ ಕೆಂಪು. “ನೀರು ಹಾಕಿ ಬರೋಕೆ ಏನ್ರೀ ಕಷ್ಟ?” ಎಂದು ನಾನು ರೇಗುವುದು, “ಬಣ್ಣ ಕಣೇ, ಹೋಗ್ತದೆ ಬಿಡು” ಎಂದು ಅವರು ಹೇಳುವುದು ದಿನಾ ಇದ್ದದ್ದೇ. ಮೂತ್ರ ಕೆಂಪಗೆ ಕಂಡರೂ ಕೈಯಿಂದ ತೊಟ್ಟಿಕ್ಕಿದ ಬಣ್ಣ ಎಂದೇ ಅವರು ನಂಬಿದ್ದರಂತೆ.

ಒಂದು ಬೆಳಿಗ್ಗೆ ಮತ್ತೆ ಕೆಂಪು. ಬೈಯಲು ಬಾಯಿ ತೆರೆದವಳು ಅಲ್ಲೇ ನಿಂತೆ. ಆ ವಾರವಿಡೀ ನಾವು ಹಾಕಿದ್ದು ಗಿಣಿ ಹಸಿರು ಮಾತ್ರ. ಅವರ ಕೈಯೂ ಹಸಿರಾಗಿಯೇ ಇತ್ತು. “ಇದು ಬಣ್ಣ ಅಲ್ಲ ಕಣ್ರೀ, ರಕ್ತ” ಎಂದೆ.

“ನೋವಿಲ್ಲ ಏನಿಲ್ಲ. ಉಷ್ಣ ಅಷ್ಟೇ, ಎಳನೀರು ಕುಡಿದ್ರೆ ಸರಿಹೋಗ್ತದೆ” ಎಂದರು. ನಾನು ಬಿಡಲಿಲ್ಲ. ಊರಿನ ಡಾಕ್ಟರು ಸ್ಕ್ಯಾನ್ ನೋಡಿ, ಒಳಗೆ ಗಡ್ಡೆ ಇದೆ ಎಂದು ಬೆಂಗಳೂರಿನ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡಿಸಿದರು.

“ಮೂತ್ರಕೋಶದ ಕ್ಯಾನ್ಸರ್ ಅಮ್ಮಾ. ಅದರಲ್ಲೂ ಇದು ಅಪರೂಪದ್ದು, ಸ್ಮಾಲ್ ಸೆಲ್ ಅಂತ” ಎಂದರು ಅಲ್ಲಿನ ಡಾಕ್ಟರು. ಅಪರೂಪ ಎಂದರೆ ಔಷಧಿಯೇ ಇಲ್ಲವೇನೋ ಎಂದುಕೊಂಡೆ. ಅವರೇ ಮುಂದುವರಿಸಿದರು: “ಬೇಗ ಹರಡೋ ಜಾತಿ, ಸುಳ್ಳು ಹೇಳಲ್ಲ. ಆದ್ರೆ ಸದ್ಯ ಹೊರಗೆಲ್ಲೂ ಹರಡಿಲ್ಲ. ಯಾವ ಜಾತಿ ಅಂತ ಗೊತ್ತಾಗಿದ್ದೇ ಒಳ್ಳೇದಾಯ್ತು. ಮಾಮೂಲಿ ಥರದ್ದು ಅಂದ್ಕೊಂಡು ಬರೀ ಗಡ್ಡೆ ಕೆರೆದು ಕಳಿಸಿದ್ರೆ ಸಾಲ್ತಿರಲಿಲ್ಲ. ಮೊದಲು ಕೀಮೋ, ಆಮೇಲೆ ಮೂತ್ರಕೋಶಾನೇ ತೆಗೀತೀವಿ.” ಬಣ್ಣದ ಕೆಲಸ, ಇವರು ಸೇದುವ ಬೀಡಿ ಎರಡೂ ಕಾರಣ ಇರಬಹುದು ಎಂದೂ ಹೇಳಿದರು.

ಕೀಮೋವನ್ನು ನಮ್ಮವರು ಹಲ್ಲು ಕಚ್ಚಿ ತಡೆದುಕೊಂಡರು. ಗಡ್ಡೆಯೂ ಚಿಕ್ಕದಾಯಿತು. ಆದರೆ ಆಪರೇಷನ್ ಆದ ಮೇಲೆ ಹೊಟ್ಟೆಗೆ ಮೂತ್ರದ ಚೀಲ ಅಂಟಿಸಿಕೊಂಡೇ ಇರಬೇಕು ಎಂದು ಡಾಕ್ಟರು ಹೇಳಿದಾಗ ಇವರು ಹಠ ಹಿಡಿದರು. “ಚೀಲ ಕಟ್ಕೊಂಡು ಬದುಕೋದಕ್ಕಿಂತ ಹಿಂಗೇ ಹೋಗ್ಬಿಡ್ತೀನಿ” ಎಂದು ಹೊರಗೆ ಬಂದು ಬೆಂಚಿನ ಮೇಲೆ ಕೂತುಬಿಟ್ಟರು. ನಾನು ಅಳುತ್ತಲೇ ಬಾಯಿಗೆ ಬಂದಂತೆ ಬೈದೆ. ಅವರು ಜಗ್ಗಲಿಲ್ಲ.

ಅದೇ ಬೆಂಚಿನಲ್ಲಿ ತಪಾಸಣೆಗೆ ಬಂದಿದ್ದ ತೂಬಗೆರೆ ಕಡೆಯ ಹೆಂಗಸೊಬ್ಬರು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಸೀರೆಯ ಮೇಲಿಂದಲೇ ಹೊಟ್ಟೆಯ ಪಕ್ಕ ಮೆಲ್ಲಗೆ ತಟ್ಟಿ, “ಏನಣ್ಣಾ, ಇದಕ್ಕಾ ಹೆದ್ರಿದ್ದು? ನಂಗೂ ಐತೆ. ಇದನ್ನ ಇಟ್ಕೊಂಡೇ ರಾಗಿ ಕುಯ್ದಿದ್ದೀನಿ, ಘಾಟಿ ದೇವಸ್ಥಾನಕ್ಕೂ ಹೋಗ್ಬಂದಿದ್ದೀನಿ. ದೇವ್ರೇ ಏನೂ ಅನ್ನಲಿಲ್ಲ, ಇನ್ಯಾರು ಅಂತಾರೆ?” ಎಂದರು.

ನಮ್ಮವರು ತಲೆ ತಗ್ಗಿಸಿಕೊಂಡೇ, “ವಾಸನೆ ಬರಲ್ವಾ ಅಕ್ಕಾ?” ಎಂದು ಕೇಳಿದರು.

“ಇಷ್ಟೊತ್ತೂ ಪಕ್ಕದಲ್ಲೇ ಕೂತಿದ್ನಲ್ಲಾ, ನಿಂಗೆ ಬಂತಾ?”

ನಮ್ಮವರಿಗೆ ನಗು ಬಂದುಬಿಟ್ಟಿತು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ನನ್ನನ್ನೂ ಕರೆಯದೆ ಡಾಕ್ಟರ ಕೋಣೆಗೆ ಹೋದರು. ಆ ಗಡಿಬಿಡಿಯಲ್ಲಿ ನಾನು ಆ ಪುಣ್ಯಾತ್ಗಿತ್ತಿಯ ಹೆಸರನ್ನೂ ಕೇಳಲಿಲ್ಲ.

ಆಪರೇಷನ್ ಆಯಿತು. ಇಲ್ಲಿಯವರೆಗಿನ ಸ್ಕ್ಯಾನ್‌ಗಳಲ್ಲಿ ಏನೂ ಕಂಡಿಲ್ಲ. “ಪೂರ್ತಿ ಗೆದ್ವಿ ಅಂತ ಈಗಲೇ ಹೇಳಲ್ಲ, ತಪ್ಪಿಸದೆ ಬರ್ತಾ ಇರಿ” ಎನ್ನುತ್ತಾರೆ ಡಾಕ್ಟರು. ನಮ್ಮವರು ಬೀಡಿ ಬಿಟ್ಟಿದ್ದಾರೆ, ಗ್ಲೌಸ್ ಹಾಕಿಕೊಂಡು ಮತ್ತೆ ಕೆಲಸಕ್ಕೆ ಇಳಿದಿದ್ದಾರೆ.

ಮೊದಲು ದಿನಾ ನನ್ನ ಸಾರಿಗೆ ಹೆಸರಿಡುತ್ತಿದ್ದವರು, ಕಾಯಿಲೆಯ ದಿನಗಳಲ್ಲಿ ನಾನು ಏನು ಬಡಿಸಿದರೂ ಮಾತಿಲ್ಲದೆ ಉಂಡು ಏಳುತ್ತಿದ್ದರು. ಕ್ಯಾನ್ಸರ್ ಎಂಬ ಹೆಸರಿಗಿಂತ ಆ ಮೌನಕ್ಕೇ ನಾನು ಹೆಚ್ಚು ಹೆದರಿದ್ದೆ. ಮೊನ್ನೆ ಊಟಕ್ಕೆ ಕೂತವರು, “ಏನೇ ಇದು ಸಾರು? ಉಪ್ಪಿನ ಡಬ್ಬಾನೇ ಸುರಿದ್ಬಿಟ್ಟಿದ್ದೀಯಾ?” ಎಂದು ಗದರಿದರು. ನಾನು ಎದ್ದು ಅಡುಗೆಮನೆಗೆ ಹೋದೆ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಸಂತೋಷಕ್ಕೆ ಅತ್ತುಬಿಟ್ಟೆ.