ಮೂರು ಎಣಿಸಿದ ಮೇಲೆ

ನಮ್ಮ ಕಿಲಕಿಲಿ ಆರು ಕೆಲಸ ಕಳೆದುಕೊಂಡದ್ದು ಸೋಮಾರಿತನದಿಂದಲ್ಲ, ಬರೀ ನಗುವಿನಿಂದ. ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುತ್ತಿದ್ದಾಗ, ಕೆನ್ನೆ ಊದಿಸಿಕೊಂಡು ಬಂದವರು ತಮ್ಮ ಹೆಸರು ಹೇಳಲು ಪಡುವ ಪಾಡು ನೋಡಿ ಮೇಜಿನ ಕೆಳಗೆ ಕೂತು ನಕ್ಕಳು. ಗ್ರಂಥಾಲಯದಲ್ಲಿ ‘ಸದ್ದು ಮಾಡಬೇಡಿ’ ಎಂಬ ಫಲಕ ಕಂಡರೇ ಅವಳಿಗೆ ನಗು ಉಕ್ಕುತ್ತಿತ್ತು. ವಕೀಲರ ಕಚೇರಿಯಲ್ಲಿ ಗಂಡ ಹೆಂಡತಿ ಒಂದು ಹಳೇ ಕುಕ್ಕರಿಗಾಗಿ ಕಿತ್ತಾಡಿದ ದಿನ ಅವಳನ್ನು ಹೊರಗೆ ಕಳಿಸಿದರು, ಮಾರನೇ ದಿನ ಒಳಗೆ ಕರೆಯಲಿಲ್ಲ. ಉಳಿದ ಮೂರು ಕೆಲಸದ ಕಥೆ ನನಗೂ ಪೂರ್ತಿ ಗೊತ್ತಿಲ್ಲ, ಹೇಳಲು ಹೊರಟವಳು ನಕ್ಕು ನಕ್ಕು ಅರ್ಧಕ್ಕೇ ಬಿಟ್ಟಿದ್ದಾಳೆ. ಮೂವತ್ತಾರರ ಹೆಂಗಸು, ಬೇಕೆಂದು ನಗುವವಳಲ್ಲ. ಕೆಲವರಿಗೆ ಸೀನು ಬರುವ ಹಾಗೆ ಅವಳಿಗೆ ನಗು.

ಏಳನೇ ಕೆಲಸ ಸಿಕ್ಕಾಗ ಅವಳ ಅಕ್ಕ ಅವಳಿಂದ ಮಾತು ತೆಗೆದುಕೊಂಡಳು. “ಇದೂ ಹೋದ್ರೆ ತೆಪ್ಪಗೆ ನಿಮ್ ಭಾವನ ಆಫೀಸಿಗೆ ಸೇರ್ಬೇಕು. ಆಮೇಲೆ ಅದೂ ಇದೂ ಅನ್ನಂಗಿಲ್ಲ.”

ಭಾವನ ಆಫೀಸೆಂದರೆ ವಿಮೆ ಕಾಗದಗಳ ಕೋಣೆ. ಹನ್ನೊಂದು ಮೇಜು, ಹನ್ನೊಂದು ಬಗ್ಗಿದ ತಲೆ, ಒಂದು ಫ್ಯಾನು. ಮಾತಾಡುವುದು ಫ್ಯಾನು ಮಾತ್ರ. ಕಿಲಕಿಲಿ ಒಮ್ಮೆ ಭಾವನಿಗೆ ಊಟದ ಡಬ್ಬಿ ಕೊಡಲು ಹೋಗಿ ಅಲ್ಲಿ ಹತ್ತು ನಿಮಿಷ ನಿಂತಿದ್ದಳು. ಆ ಹತ್ತು ನಿಮಿಷ ಅವಳಿಗೆ ನಗುವೇ ಬಂದಿರಲಿಲ್ಲ. ಹೊರಗೆ ಬಂದ ಮೇಲೂ ಎಷ್ಟೋ ಹೊತ್ತು ಬರಲಿಲ್ಲ. ಹಾಗಾಗಿ ಏಳನೇ ಕೆಲಸವನ್ನು ಅವಳು ಹಲ್ಲು ಕಚ್ಚಿ ಹಿಡಿದುಕೊಂಡಳು.

ಅದು ಫೋಟೊ ಸ್ಟುಡಿಯೊ. ದೊಡ್ಡ ಕೋಣೆಯಲ್ಲಿ ಮನೆಮಂದಿಯ ಫೋಟೊ, ಬಿಳಿ ಪರದೆಯ ಚಿಕ್ಕ ಕೋಣೆಯಲ್ಲಿ ಗುರುತಿನ ಚೀಟಿಯ ಫೋಟೊ. ಯಜಮಾನರ ಮುಖ ಸದಾ ಗಂಟು. ಅವರು ಮೂವತ್ತು ವರ್ಷದಿಂದ ಒಂದು ಪದ್ಧತಿಯನ್ನು ಬಿಟ್ಟವರಲ್ಲ: ಒಂದು, ಎರಡು, ಮೂರು, ಕ್ಲಿಕ್. ಮೂರಕ್ಕೆ ಎದುರಿಗಿದ್ದವರು ಸೀನಲಿ, ಆಕಳಿಸಲಿ, ಎದ್ದು ಹೋಗಲಿ, ಕ್ಲಿಕ್. ಮಾತು ಅವರಿಗೆ ಆಗಿಬರದು. ಬರೀ “ಹ್ಞೂಂ” ಎನ್ನುತ್ತಿದ್ದರು. ಎರಡು ತಿಂಗಳಲ್ಲಿ ಕಿಲಕಿಲಿ ಆ ಹ್ಞೂಂಗಳನ್ನೆಲ್ಲ ಕಲಿತಳು. ಗಿಡ್ಡ ಹ್ಞೂಂ ಎಂದರೆ ದೀಪ ಹಾಕು. ಎಳೆದ ಹ್ಞೂಂ ಎಂದರೆ ಟೀ. ಮೂಗಿನಿಂದ ಬಂದರೆ, ನಗು ನಿಲ್ಲಿಸು.

ದೊಡ್ಡ ಕೋಣೆಗೆ ಅವಳು ಬಂದದ್ದು ಒಳ್ಳೆಯದೇ ಆಯಿತು. ಬಿಗಿದುಕೊಂಡು ಕೂತ ಅಜ್ಜಂದಿರೂ ಅವಳು ಕಿಸಕ್ಕೆಂದರೆ ಸಡಿಲವಾಗುತ್ತಿದ್ದರು. ಗುರುತಿನ ಚೀಟಿಗೆ ನಗುಮುಖ ನಡೆಯದು, ಹಾಗಾಗಿ ಚಿಕ್ಕ ಕೋಣೆಗೆ ಮಾತ್ರ ಅವಳು ಕಾಲಿಡುವ ಹಾಗಿರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಪೈಪ್ ಕಾರ್ಖಾನೆಯ ನಲವತ್ತು ಜನ ಗೇಟ್ ಪಾಸಿನ ಫೋಟೊಗೆಂದು ಒಟ್ಟಿಗೇ ಬಂದರು. ಯಜಮಾನರೊಬ್ಬರ ಕೈಲಿ ಆಗುವಂತಿರಲಿಲ್ಲ. “ಕಾಲರ್ ಸರಿ ಮಾಡು, ಗದ್ದ ನೇರ ಮಾಡು. ಅಷ್ಟೇ” ಎಂದರು. ಅವರ ಪಾಲಿಗೆ ಅದು ಭಾಷಣ. ಕಿಲಕಿಲಿ ಉಸಿರು ಬಿಗಿಹಿಡಿದು ಒಳಗೆ ಹೋದಳು. ಮೊದಲು ಕೂತವನು ಆರಡಿ ಎತ್ತರದವನು, ದಟ್ಟ ಗಡ್ಡದವನು, ನೋಡಿದರೆ ಹೆದರಿಕೆಯಾಗಬೇಕು. ಅವಳು ಗದ್ದ ಮುಟ್ಟಿದಳೋ ಇಲ್ಲವೋ, ಆತ “ಅಯ್ಯಯ್ಯೋ, ಕಚಗುಳಿ!” ಎಂದು ಕೂಸಿನ ದನಿಯಲ್ಲಿ ಕಿರುಚಿಬಿಟ್ಟ.

ಮುಗಿಯಿತು. ಕಿಲಕಿಲಿ ನಕ್ಕಳು, ಗಡ್ಡದವನು ನಕ್ಕ, ಬಾಗಿಲಾಚೆ ಸಾಲಿನಲ್ಲಿದ್ದವರು ಯಾಕೆಂದು ಗೊತ್ತಿಲ್ಲದೆಯೇ ಬಿದ್ದುಬಿದ್ದು ನಕ್ಕರು. ಯಜಮಾನರು ಮೂಗಿನಿಂದ ನಲವತ್ತು ಹ್ಞೂಂ ಹಾಕಿ, ನಲವತ್ತು ಸಲ ಮೂರು ಎಣಿಸಿ ನಲವತ್ತು ಸಲ ಒತ್ತಿದರು. ಪ್ರಿಂಟು ತೆಗೆದು ಲಕೋಟೆಗೆ ಹಾಕಿದವಳು ಕಿಲಕಿಲಿಯೇ. ನಲವತ್ತು ಬಾಯಿ ತೆರೆದ, ಕಣ್ಣು ಮುಚ್ಚಿದ ಮುಖಗಳನ್ನು ಒಂದೊಂದಾಗಿ ನೋಡಿ, “ಎಷ್ಟು ಚೆನ್ನಾಗಿ ಬಂದಿದೆ!” ಎಂದುಕೊಂಡು ಅಂಟು ಹಚ್ಚಿ ಕಳಿಸಿಬಿಟ್ಟಳು.

ಗುರುವಾರ ಕಾರ್ಖಾನೆಯ ಮ್ಯಾನೇಜರು ಲಕೋಟೆ ಹಿಡಿದು ನಲವತ್ತು ಜನರನ್ನೂ ವಾಪಸು ಕರೆತಂದರು.

“ಗೇಟಿನ ಮೆಷಿನ್ನು ಒಬ್ಬರ ಮುಖಾನೂ ಒಪ್ತಿಲ್ಲ ಸಾರ್! ಬೆಳಿಗ್ಗೆಯಿಂದ ಎಲ್ರೂ ಬೀದೀಲಿ ನಿಂತಿದಾರೆ. ಗೇಟ್ ಮುಂದೆ ನಲವತ್ತು ಜನ ಹಿಂಗೇ ಬಾಯಿ ಕಿಸ್ಕೊಂಡು ನಿಲ್ಲಕಾಗುತ್ತಾ?”

ಕಿಲಕಿಲಿ ಗಾಬರಿಯಲ್ಲಿ ಅಕ್ಕನಿಗೆ ಫೋನು ಮಾಡಿಬಿಟ್ಟಳು. ಯಜಮಾನರು ಅವಳನ್ನು ಹೊರಗೆ ನಿಲ್ಲಿಸಿ ಮತ್ತೆ ಶುರು ಮಾಡಿದರು. ಪ್ರಯೋಜನವಾಗಲಿಲ್ಲ. ಕುರ್ಚಿಯಲ್ಲಿ ಕೂತವರೆಲ್ಲ ಗಡ್ಡದವನ ಕಿರುಚಾಟ ನೆನೆಸಿಕೊಂಡು ನಗುತ್ತಿದ್ದರು. ಕ್ಯಾಮೆರಾದ ಹಿಂದೆ ಅಡಗಿದ್ದ ಯಜಮಾನರ ಮುಖ ಅವರಿಗೆ ಕಾಣುತ್ತಲೇ ಇರಲಿಲ್ಲ.

ಇದು ಹೊಳೆದದ್ದು ಕಿಟಕಿಯಲ್ಲಿ ಇಣುಕುತ್ತಿದ್ದ ಕಿಲಕಿಲಿಗೆ. ಹೋಗುವ ಕೆಲಸ ಹೇಗೂ ಹೋಗುತ್ತದೆಂದು ಒಳಗೆ ನುಗ್ಗಿದಳು. “ಸಾರ್, ನೀವು ಮುಂದೆ ನಿಂತ್ಕೊಂಡು ಎಣಿಸಿ. ಸುಮ್ನೆ ಅವರನ್ನ ನೋಡಿ, ಸಾಕು. ಬಟನ್ ನಾನು ಒತ್ತುತೀನಿ.” ಬಾಯಿಗೆ ಕರವಸ್ತ್ರ ತುರುಕಿಕೊಂಡು ಕ್ಯಾಮೆರಾದ ಹಿಂದೆ ಬಗ್ಗಿದಳು.

ಯಜಮಾನರು ಮುಂದೆ ಬಂದು ನೋಡಿದರು. ಗಡ್ಡದವನ ಬಾಯಿ ತಾನಾಗಿಯೇ ಮುಚ್ಚಿತು. ಒಂದು, ಎರಡು, ಮೂರು, ಕ್ಲಿಕ್. ಒಂದು ಗಂಟೆಯಲ್ಲಿ ನಲವತ್ತೂ ಮುಗಿಯಿತು. ಹೋಗುವಾಗ ಪ್ರತಿಯೊಬ್ಬರೂ ತಮ್ಮ ನಗುವ ಫೋಟೊ ಹುಡುಕಿ ಜೇಬಿಗಿಳಿಸಿಕೊಂಡರು. ಮ್ಯಾನೇಜರಿಗೆ ಖಾಲಿ ಲಕೋಟೆ ಉಳಿಯಿತು.

ಯಜಮಾನರು ಕ್ಯಾಮೆರಾ ಒರೆಸುತ್ತ ಕೂತರು. ಗಿಡ್ಡ ಹ್ಞೂಂ ಇಲ್ಲ, ಎಳೆದದ್ದೂ ಇಲ್ಲ. ಇದಕ್ಕಿಂತ ಬೈದಿದ್ದರೆ ವಾಸಿಯಿತ್ತು ಎಂದುಕೊಂಡು ಕಿಲಕಿಲಿ ತನ್ನ ಟೀ ಲೋಟ ತೊಳೆದು ಚೀಲಕ್ಕೆ ಹಾಕಿದಳು. ಅಷ್ಟರಲ್ಲಿ ಫೋನಿನ ಸುದ್ದಿ ಕೇಳಿದ ಅಕ್ಕ, ಭಾವ ಇಬ್ಬರೂ ಬಂದೇಬಿಟ್ಟರು, ಕೈಯಲ್ಲಿ ಆಫೀಸಿನ ಅರ್ಜಿ.

“ಫಾರಂ ತುಂಬಿದೀನಿ. ಒಂದು ಫೋಟೊ ಅಂಟಿಸಿದ್ರೆ ಆಯ್ತು” ಎಂದರು ಭಾವ. “ಹೇಗೂ ಸ್ಟುಡಿಯೊದಲ್ಲೇ ಇದೀವಲ್ಲ. ಇವಳದ್ದೊಂದು ತೆಗೆದುಬಿಡಿ ಸಾರ್, ಬಾಯಿ ಮುಚ್ಚಿರೋದು.”

ಕಿಲಕಿಲಿ ಬಿಳಿ ಪರದೆಯ ಮುಂದೆ ಕೂತಳು. ಕ್ಯಾಮೆರಾ ಪಕ್ಕ ನಿಂತ ಯಜಮಾನರ ಗಂಟುಮುಖ ನೋಡಿದ್ದೇ ಪಕ್ಕನೆ ನಕ್ಕಳು. ನಲವತ್ತು ಜನರನ್ನು ತೆಪ್ಪಗಾಗಿಸಿದ ಮುಖ ಅವಳ ಮೇಲೆ ನಡೆಯಲಿಲ್ಲ. ಮತ್ತೆ ಕೂತಳು, ಮತ್ತೆ ನಕ್ಕಳು.

“ಕೊಟ್ಟ ಮಾತು ನೆನಪಿದೆ ತಾನೇ?” ಎಂದಳು ಅಕ್ಕ.

ನೆನಪಿತ್ತು. ಹನ್ನೊಂದು ಮೇಜು ನೆನಪಾದವು. ಹನ್ನೆರಡನೆಯದು ತನ್ನದು. ಕಿಲಕಿಲಿಯ ತುಟಿ ಕೂಡಿಕೊಂಡಿತು, ಕಣ್ಣು ಎಲ್ಲೋ ನೆಟ್ಟಿತು, ಬೆನ್ನು ನೆಟ್ಟಗಾಯಿತು. ಯಾವ ಗೇಟಿನ ಮೆಷಿನ್ನಾದರೂ ಒಪ್ಪುವಂಥ ಮುಖ.

“ಒಂದು,” ಎಂದರು ಯಜಮಾನರು. “ಎರಡು. ಮೂರು.”

ಕ್ಲಿಕ್ ಆಗಲಿಲ್ಲ.

ಭಾವ ಕ್ಯಾಮೆರಾ ಕೆಟ್ಟಿತೇನೋ ಎಂದು ಬಗ್ಗಿ ನೋಡಿದರು. ಯಜಮಾನರು ಕೈ ಹಿಂದಕ್ಕೆ ತೆಗೆದುಕೊಂಡಿದ್ದರು. “ಇದು ಈ ಹುಡುಗಿ ಫೋಟೊ ಅಲ್ಲ. ನಾನು ತೆಗೆಯಲ್ಲ” ಎಂದರು. ಆಮೇಲೆ ಭಾವನ ಕಡೆ ತಿರುಗಿ, “ಬೆಳಿಗ್ಗೆ ಚಿಕ್ಕ ಕೋಣೆ ನಾನು ನೋಡ್ಕೋತೀನಿ. ಮಧ್ಯಾಹ್ನ ದೊಡ್ಡ ಕೋಣೆ ಇವಳು ನೋಡ್ಕೋಬೇಕು. ನನ್ನೊಬ್ಬನ ಕೈಲಿ ಆಗಲ್ಲ” ಎಂದರು.

ಅಕ್ಕ ತಂಗಿಯ ಮುಖವನ್ನೇ ನೋಡುತ್ತಿದ್ದಳು. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಮುಖ, ಹೀಗೆ ಎಂದೂ ಕಂಡಿರಲಿಲ್ಲ. ಗಂಡನ ಕೈಯಿಂದ ಅರ್ಜಿ ಕಿತ್ತುಕೊಂಡು ನಾಲ್ಕಾಗಿ ಮಡಚಿದಳು.

“ಏ, ಅದು ಆಫೀಸಿನ ಫಾರಂ ಕಣೇ!”

“ಇರ್ಲಿ ಬಿಡಿ, ನೀವೇ ಇನ್ನೊಂದ್ಸಲ ಸೇರ್ಕೊಳಿ.”

ಕಿಲಕಿಲಿಗೆ ಮೊದಲು ಕಣ್ಣಲ್ಲಿ ನೀರು ಬಂತು, ಆಮೇಲೆ ಭಾವನ ಮುಖ ಕಂಡು ಎಲ್ಲಿತ್ತೋ ನಗು, ಕುರ್ಚಿಯಿಂದ ಜಾರುವಷ್ಟು ಬಂತು. ಅಕ್ಕನೂ ನಕ್ಕಳು. ಕಡೆಗೆ ಭಾವನೂ ನಕ್ಕರು.

ಕ್ಲಿಕ್.

ಯಜಮಾನರು ಈ ಸಲ ಎಣಿಸಿಯೇ ಇರಲಿಲ್ಲ. ಎಲ್ಲರೂ ತಿರುಗಿ ನೋಡಿದಾಗ ಅವರು ಒಂದು ಎಳೆದ ಹ್ಞೂಂ ಹಾಕಿದರು, ಕಿಲಕಿಲಿ ಚೀಲದಿಂದ ಲೋಟ ತೆಗೆದು ಟೀ ಮಾಡಲು ಎದ್ದಳು.