ಕಚ್ಛದ ದಾರಿ, ಸುರಪುರದವರೆಗೆ

ಡಿಸೆಂಬರಿನ ಒಂದು ಬೆಳಿಗ್ಗೆ ಅಣ್ಣನೂ ನಾನೂ ಯಾದಗಿರಿ ಬಿಟ್ಟೆವು. ಚಳಿಗಾಲ ಮುಗಿಯುವುದರೊಳಗೆ ತನ್ನ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನಲ್ಲಿ ಸೊಲ್ಲಾಪುರ, ಅಹಮದಾಬಾದ್ ದಾಟಿ ಕಚ್ಛ ಮುಟ್ಟಬೇಕೆಂಬುದು ಅವನ ಯೋಜನೆ. ಅದಕ್ಕೆ ಮೊದಲು ಸುರಪುರದವರೆಗೆ, ಸುಮಾರು ಅರವತ್ತು ಕಿಲೋಮೀಟರ್, ಒಂದು ಪರೀಕ್ಷೆ. ಪರೀಕ್ಷೆ ಗಾಡಿಗೆ ಎಂದು ಅವನು. ಆಪರೇಷನ್ ಆದ ಮೇಲೂ ಅವನ ಕಣ್ಣು ತಿಳಿಯಾಗಿಲ್ಲವೆಂದು ಅವನ ಹೆಂಡತಿಗೆ ಅನುಮಾನ. "ಜೊತಿಗಿ ಹೋಗು, ನೀನೇ ನೋಡು" ಎಂದಿದ್ದಳು.

ಗಾಡಿ ಕೆಂಪು ಎಂದು ಬರೆದೆ, ಹೊಡೆದುಹಾಕಿದೆ. ಬಣ್ಣ ಎಂದೋ ಬಿಸಿಲಿಗೆ ಹೋಗಿತ್ತು; ಕೆಂಪು ನನ್ನ ಆಸೆಯಿರಬೇಕು. ಭೀಮಾ ಸೇತುವೆ ದಾಟಿದ ಮೇಲೆ ರಸ್ತೆಯ ಪ್ರತಿ ಉಬ್ಬಿಗೂ ಗಾಡಿಯ ಹೊಟ್ಟೆ ಕೆರೆಯಿತು. ಹತ್ತಿ ಹೇರಿದ ಟ್ರ್ಯಾಕ್ಟರಿನವನು ಮೇಲಿನಿಂದ ಬಗ್ಗಿ ನೋಡಿದ.

"ಕಾಕಾ, ಕುಂತೀರೋ, ಮಲಕೊಂಡೀರೋ?"

"ಮಲಕೊಂಡೇ ಕಚ್ಛಕ್ಕ ಹೊಂಟೀವಿ ತಮ್ಮಾ!" ಎಂದು ಅಣ್ಣ ನಕ್ಕ.

ಶಹಾಪುರದ ಗುಡ್ಡದ ಸಾಲು ದೂರದಿಂದ ಮಲಗಿದ ಬುದ್ಧನಂತೆ ಕಾಣುತ್ತದೆ. ತಲೆ ಇದು, ಪಾದ ಅದು ಎಂದು ತೋರಿಸದೆ ನಮ್ಮವರಾರೂ ಮುಂದೆ ಹೋಗುವುದಿಲ್ಲ. ಅಣ್ಣ ಗಾಡಿ ನಿಧಾನ ಮಾಡಿ ಬೆರಳೆತ್ತಿದ.

"ನೋಡಲ್ಲಿ, ಮೂಗು ಎಷ್ಟ್ ಛಂದ ಕಾಣಾಕತ್ತದ!"

ರಸ್ತೆ ತಿಳಿಯಾಗಿತ್ತು, ಆದರೆ ಗುಡ್ಡವಿಡೀ ಮಂಜಿನಲ್ಲಿ ಮುಚ್ಚಿಹೋಗಿತ್ತು. ಅಲ್ಲಿ ಯಾರಿಗೂ ಏನೂ ಕಾಣುವಂತಿರಲಿಲ್ಲ. ತನಗೊಬ್ಬನಿಗೇ ಕಾಣುತ್ತಿಲ್ಲ ಎಂದುಕೊಂಡಿದ್ದ ಅವನು.

"ಹೌದಣ್ಣಾ, ಛಂದ ಅದ" ಎಂದೆ.

ಸುರಪುರದಲ್ಲಿ ಬಿಸಿ ಮಿರ್ಚಿ, ಸುಸಲಾ, ಚಹಾ. ಹೋಟೆಲಿನಾಕೆ ಮಾತುಗಾರ್ತಿ.

"ಶಹಾಪುರ ಕಡಿಂದ ಬಂದ್ರೇನ್ರಿ? ಇವತ್ತ ಮಂಜು ಭಾಳ. ಬುದ್ಧನ ಗುಡ್ಡಾನ ಕಾಣಲಿಲ್ಲಂತ, ಬಸ್ಸಿನವ್ರು ಅನ್ನಾಕತ್ತಿದ್ರು."

ಅಣ್ಣನ ಕೈಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು. ಅವನು ನನ್ನ ಕಡೆ ತಿರುಗಿದ. ನನ್ನ ಮುಖ ಅವನಿಗೆ ಎಷ್ಟು ಕಂಡಿತೋ ತಿಳಿಯದು. ಬೈಯುತ್ತಾನೆಂದು ಕಾದೆ, ಬೈಯಲಿಲ್ಲ.

ಹೊರಟವರನ್ನು ಎಲ್ಲಿಗೆ ಎಂದು ಕೇಳುವುದು ನಮ್ಮಲ್ಲಿ ಅಪಶಕುನ. ಆಕೆ ಪದ್ಧತಿಯಂತೆ 'ಎಲ್ಲಿಗೆ' ಎನ್ನದೆ ಕೇಳಿದಳು:

"ದೂರ ಹೊಂಟೀರೇನ್ರಿ?"

"ಇಲ್ಲವ್ವಾ" ಎಂದ ಅಣ್ಣ. "ಇಲ್ಲಿತನಕಾನೇ ಬಂದಿದ್ವಿ."

ಕೀಲಿಯನ್ನು ಅವನು ನನ್ನ ಕೈಗೆ ಕೊಟ್ಟನೋ, ಟೇಬಲ್ಲಿನ ಮೇಲೆ ಬಿಟ್ಟನೋ, ನೆನಪು ದಿನಕ್ಕೊಂದು ಹೇಳುತ್ತದೆ. ನಾನು ದುಡ್ಡು ಕೊಟ್ಟು ಹೊರಗೆ ಬಂದಾಗ ಅವನು ಎಡಗಡೆಯ ಬಾಗಿಲು ತೆಗೆದು, ಕೂತು, ಕಣ್ಣು ಮುಚ್ಚಿಕೊಂಡಿದ್ದ.